ಬೇರೆ ಊರಿನ ಹೆಸರು ಹೊತ್ತ ನಿಲ್ದಾಣ

ರಾಯಚೂರಿನಿಂದ ವಾಡಿಯ ಕಡೆಗೆ ಸಾಗುವ ರೈಲಿನಲ್ಲಿ ಕೃಷ್ಣೆಯನ್ನು ದಾಟಿದ ಮೇಲೆ ದೊರೆಯುವ ಸೈದಾಪುರದ ನಿಲ್ದಾಣಕ್ಕೆ ಬಹುಕಾಲ ತನ್ನ ಊರಿನ ಹೆಸರೇ ಇರಲಿಲ್ಲ. ಸೀರೆಗಳಿಗೆ ಪ್ರಖ್ಯಾತವಾದ ನಾರಾಯಣಪೇಟೆಗೆ ಹೋಗುವವರು ಇಲ್ಲಿಯೇ ಇಳಿಯಬೇಕಾಗಿದ್ದುದರಿಂದ ಅದನ್ನು ನಾರಾಯಣಪೇಟೆ ರೋಡ್ ಎಂದು ಕರೆಯುತ್ತಿದ್ದರು. 1871ರಲ್ಲಿ ಮುಂಬಯಿಯ ರೈಲುದಾರಿಯು ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಂದಿನಿಂದಲೂ ಪರರ ಸರಕು ಸಾಗುವ ಹಾದಿಯಾಗಿರುವುದೇ ಈ ಸೀಮೆಯ ಅರ್ಥಚರಿತ್ರೆಯ ಮುಖ್ಯ ಸೂತ್ರವೆಂದು ನನಗೆ ತೋರುತ್ತದೆ.

ಆ ಸರಕು ಹುಟ್ಟುವ ನೆಲ ನಮ್ಮಲ್ಲಿಯೂ ಉಂಟು: ಮೇಲೆ ಹತ್ತಿ, ತೊಗರಿ, ಜೋಳ; ಕೆಳಗೆ ಪರಸಿ ಕಲ್ಲೂ ಲೋಹವೂ. ಕೃಷ್ಣೆಯಾಚೆ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಬಂಡೆಗೆ ಬೆಂಕಿಯಿಟ್ಟು, ನೀರೆರೆದು ಸೀಳಿಸಿ, 640 ಅಡಿಗಳಷ್ಟು ಆಳಕ್ಕೆ ಚಿನ್ನವನ್ನರಸಿ ಇಳಿದಿದ್ದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡುಹಿಡಿದ ಬೀಡನ್ ಸಹ ಚಿನ್ನದ ಗಣಿಯ ಇಂಜಿನಿಯರನೇ. ಚಿನ್ನವನ್ನು ಹುಡುಕಹೋದವನಿಗೆ ಚಕ್ರವರ್ತಿ ಸಿಕ್ಕಿದನು!

ಶಹಾಪುರದ ಸಮೀಪದ ಗೋಗಿಯ ಕಥೆ ಇನ್ನೂ ವಿಚಿತ್ರವಾದುದು. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರು ಮಣ್ಣಾಗಿರುವ ಆ ಗ್ರಾಮದ ಅಡಿಯಲ್ಲಿ, ಭೀಮಾ ಕಣಿವೆಯ ಸುಣ್ಣದಕಲ್ಲೂ ಗ್ರಾನೈಟೂ ಮುರಿದು ಕೂಡಿದ ಎಡೆಯಲ್ಲಿ, ಯುರೇನಿಯಂ ಅಡಗಿದೆಯೆಂದು ಅಣುಖನಿಜ ಶೋಧಕರು ಕಂಡುಕೊಂಡರು. ಪರೀಕ್ಷಾರ್ಥವಾಗಿ ಬಾವಿ ತೋಡಿದುದೂ ಉಂಟು. ಕುಡಿಯುವ ನೀರಿನ ಗತಿಯೇನೆಂದು ಊರವರು ಕೇಳಿದುದೂ ಉಂಟು. ಆ ಪ್ರಶ್ನೆ ಅಜ್ಞಾನದಿಂದ ಹುಟ್ಟಿದುದೆಂದು ಹೇಳುವವರೊಡನೆ ನನಗೆ ಸಹಮತವಿಲ್ಲ.

ಚಿನ್ನವಾಗಲಿ ಯುರೇನಿಯಮಾಗಲಿ ಮಾಡದುದನ್ನು ನೀರು ಮಾಡಿತು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಎರೆಭೂಮಿಗೆ ತಲುಪಿದ ಮೇಲೆ, ಮಳೆಯನ್ನೇ ನಂಬಿದ್ದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭೀಮೆಯ ಮೂಡಣದ ಸೈದಾಪುರಕ್ಕೆ ಆ ಕಾಲುವೆ ಬರಲಿಲ್ಲ. ಇಲ್ಲಿಯ ಒಕ್ಕಲಿಗನಿಗೆ ಇಂದಿಗೂ ಹೆಚ್ಚಾಗಿ ಆಕಾಶವೇ ಆಸರೆ. ಹತ್ತಿಯ ಹಂಗಾಮಿನಲ್ಲಿ ಅಡತಿ ಅಂಗಡಿಯ ಮುಂದೆ ನಿಂತು ನೋಡಬೇಕು: ಖರೀದಿದಾರನು ಮೊಳಕೈ ಮುಳುಗುವಷ್ಟು ರಾಶಿಯೊಳಗೆ ಕೈಯಿಳಿಸಿ, ಒಂದು ಹಿಡಿ ಅರಳೆಯನ್ನು ಹೊರಗೆಳೆದು, ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ಎಳೆಯ ಉದ್ದವನ್ನು ಅಳೆಯುತ್ತಾನೆ, ಬೀಜವನ್ನು ಹಲ್ಲಿಗಿಟ್ಟು ತೇವವನ್ನು ಪರೀಕ್ಷಿಸುತ್ತಾನೆ. ಬೆಳೆದವನು ಹತ್ತಿಯನ್ನು ನೋಡುವುದಿಲ್ಲ, ಅವನ ಮೋರೆಯನ್ನು ನೋಡುತ್ತಾನೆ.

ಸಮೀಪದ ಕಡೇಚೂರು, ಬಾಡಿಯಾಳಗಳಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕಿ ಹೊಲಗಳು ಕೈಗಾರಿಕಾ ಪ್ರದೇಶವಾದವು. ರೈಲ್ವೆ ಬೋಗಿಯ ಚೌಕಟ್ಟುಗಳನ್ನು ತಯಾರಿಸುವ ಕಾರಖಾನೆಯೂ ಬಂದಿತು. ಹೊಲವನ್ನು ಮಾರಿದವರ ಮಕ್ಕಳಿಗೆಲ್ಲ ಅಲ್ಲಿ ಕೆಲಸ ಸಿಕ್ಕಿತೆಂದು ಹೇಳುವ ಧೈರ್ಯ ನನಗಿಲ್ಲ.

ರಾಶಿ ಮುಗಿದು ಹೊಲ ಬರಿದಾದಾಗ ಗುಳೆ ಹೊರಡುವವರು ಸಂಜೆಯಿಂದಲೇ ನಿಲ್ದಾಣದಲ್ಲಿ ಕೂಡುತ್ತಾರೆ. ಜೋಳದ ಹಿಟ್ಟಿನ ಚೀಲ, ತವೆ, ಸುತ್ತಿ ಕಟ್ಟಿದ ಕೌದಿ, ಅದರ ಮೇಲೆ ನಿದ್ದೆಹೋದ ಕೂಸು. ಸರಕಿನ ಗಾಡಿಯೊಂದು ನಿಲ್ಲದೆ ಸದ್ದುಮಾಡುತ್ತ ಹಾದುಹೋಗುತ್ತದೆ. ಅದು ಹೋದ ಮೇಲೆ ಪುಣೆ, ಮುಂಬಯಿಗಳ ಕಡೆಯ ಗಾಡಿ ಎಷ್ಟು ತಡವೆಂದು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.