ಮನೆಯಲ್ಲೇ ಸೊಪ್ಪಿನ ಎಣ್ಣೆ: ಚಟಪಟ ನಿಲ್ಲುವವರೆಗೆ

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬಳು ನನ್ನ ಪಕ್ಕಕ್ಕೆ ಬಂದು ಕೈಚೀಲದಿಂದ ಪುಟ್ಟ ಸೀಸೆಯೊಂದನ್ನು ತೆಗೆದಳು. "ಆಂಟೀ, ಇದು ತುಳಸಿ ಎಣ್ಣೆ, ನಾನೇ ಮಾಡಿದ್ದು. ಹತ್ತೇ ದಿನಕ್ಕೆ ವಾಸನೆ ಬರ್ತಿದೆ, ಯಾಕೆ?" ಎಂದಳು. ಮುಚ್ಚಳ ತೆಗೆದು ನೋಡಿದೆ. ಎಲೆಗಳು ಕಪ್ಪಾಗಿ ಮೇಲೆ ಬಿಳಿಯ ಬೂಷ್ಟು ಕಟ್ಟಿತ್ತು. ತೊಳೆದ ಹಸಿ ಎಲೆಯನ್ನು ಹಾಗೆಯೇ ಕೊಬ್ಬರಿ ಎಣ್ಣೆಗೆ ಹಾಕಿ ಕಿಟಕಿಯಲ್ಲಿ ಇಟ್ಟಿದ್ದಳಂತೆ. ಎರಡು ದಿನ ಮುಖಕ್ಕೂ ಹಚ್ಚಿಕೊಂಡಿದ್ದಳಂತೆ! ಅನ್ನ ಸಾರು ಬಡಿಸಿಕೊಳ್ಳುವ ಗಡಿಬಿಡಿಯಲ್ಲಿ ಅವಳಿಗೆ ಅರ್ಧಂಬರ್ಧ ಹೇಳಿದ್ದನ್ನು ಈಗ ನಿಮಗೆಲ್ಲ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಎಣ್ಣೆ ಕೆಟ್ಟದ್ದು ತುಳಸಿಯಿಂದಲ್ಲ, ನೀರಿನಿಂದ. ಹಸಿ ಎಲೆಯ ಒಳಗೇ ನೀರಿರುತ್ತದೆ; ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ದಾರಿ ಎರಡೇ. ಒಂದೋ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಬೇಕು, ಇಲ್ಲವೇ ನೀರೆಲ್ಲ ಹೋಗುವವರೆಗೆ ಒಲೆಯ ಮೇಲೆ ಕಾಯಿಸಬೇಕು.

ನಾನು ಕಲಬುರಗಿಯ ಕಡೆಯವಳು. ನಮ್ಮ ಅಜ್ಜಿ ದೀಪಾವಳಿಗೆ ವಾರವಿರುವಾಗಲೇ ಎಣ್ಣೆ ಕಾಯಿಸಲು ಕೂಡುತ್ತಿದ್ದಳು. ಗಡಿಯಾರ ನೋಡುತ್ತಿರಲಿಲ್ಲ, ಬಾಣಲೆಯ ಕಡೆಗೆ ಕಿವಿ ಕೊಟ್ಟಿರುತ್ತಿದ್ದಳು. "ಇನ್ನೂ ಮಾತಾಡಾಕತ್ತದ, ಇಳಿಸಬ್ಯಾಡ" ಎನ್ನುತ್ತಿದ್ದಳು. ಬಿ.ಎ. ಇಂಗ್ಲಿಷ್ ಓದಿದ ನನಗೆ ಆಗ ಇದು ಹಳ್ಳಿಯವರ ಮಾತು ಎನಿಸುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಶಾರ್ಙ್ಗಧರ ಸಂಹಿತೆಯ ಅನುವಾದ ಕೈಗೆ ಸಿಕ್ಕಿ ಓದಿದಾಗ ಅಜ್ಜಿಯ ಲೆಕ್ಕವೇ ಅಲ್ಲಿತ್ತು. ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಹದವಾದಾಗ ಅರೆದ ಮೂಲಿಕೆ ಬೆರಳಿನ ನಡುವೆ ಬತ್ತಿಯಂತೆ ಹೊಸೆಯಲು ಬರಬೇಕು, ಅದನ್ನು ಬೆಂಕಿಗೆ ಹಾಕಿದರೆ ಸದ್ದು ಮಾಡಬಾರದು, ಎಣ್ಣೆಯ ಮೇಲೆ ನೊರೆ ಏಳಬೇಕು. ಸದ್ದು ಬಂತೆಂದರೆ ನೀರು ಉಳಿದಿದೆ ಎಂದರ್ಥ. ಅಜ್ಜಿಗೆ ಸಂಸ್ಕೃತ ಬರುತ್ತಿರಲಿಲ್ಲ, ಅಷ್ಟೇ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಗರಿಕೆ ಎಣ್ಣೆ. ಗಣಪತಿಗೆ ಏರಿಸುವ ಅದೇ ಗರಿಕೆ. ತೆಲುಗಿನಲ್ಲೂ ಗರಿಕ ಎಂದೇ ಹೆಸರು, ಹಾಗಾಗಿ ಚೌತಿಯ ಮುಂಚೆ ಇಲ್ಲಿ ಅಮೀರ್‌ಪೇಟ್ ಮಾರುಕಟ್ಟೆಯಲ್ಲಿ ಕೇಳಲು ನಿಮಗೆ ತೊಂದರೆಯಿಲ್ಲ. ರಸ್ತೆ ಬದಿಯದನ್ನು ಮಾತ್ರ ಕೀಳಬೇಡಿ. ಚೆನ್ನಾಗಿ ತೊಳೆದು ಸ್ವಲ್ಪ ನೀರು ಹಾಕಿ ರುಬ್ಬಿ ರಸ ಹಿಂಡಿ. ಶಾಸ್ತ್ರದ ಪ್ರಕಾರ ಕಾಲು ಲೀಟರ್ ಎಣ್ಣೆಗೆ ಒಂದು ಲೀಟರ್ ರಸ ಬೇಕು. ಅಷ್ಟು ಗರಿಕೆ ಯಾರು ಹಿಂಡುತ್ತಾರೆ! ನಾನು ಒಂದು ದೊಡ್ಡ ಲೋಟ ರಸ ಹಾಕುತ್ತೇನೆ, ಜೊತೆಗೆ ಒಂದು ಹಿಡಿ ನುಣ್ಣಗೆ ಅರೆದ ಗರಿಕೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕಿ ಬರುತ್ತದೆ. ಮೊದಲು ಗುಳುಗುಳು ಕುದಿಯುತ್ತದೆ, ಆಮೇಲೆ ಚಟಪಟ ಶುರುವಾಗುತ್ತದೆ, ಕೊನೆಗೆ ಸದ್ದು ಅಡಗುತ್ತದೆ. ಒಲೆ ಬಿಟ್ಟು ಫೋನು ಹಿಡಿದುಕೊಂಡು ಹೋಗಬೇಡಿ. ಸದ್ದು ನಿಂತ ಮೇಲೆ ತಳ ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ. ಉಗುರುಬೆಚ್ಚಗಾದಾಗ ಬಟ್ಟೆಯಲ್ಲಿ ಸೋಸಿ, ಬಿಸಿಲಿನಲ್ಲಿ ಒಣಗಿಸಿದ ಗಾಜಿನ ಸೀಸೆಗೆ ತುಂಬಿ. ಒದ್ದೆ ಕೈ ಹಾಕಬಾರದು. ಡಿಸೆಂಬರ್ ಬೆಳಗಿನಲ್ಲಿ ಗಟ್ಟಿಯಾದರೆ ಹೆದರಬೇಡಿ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ.

ಎಣ್ಣೆಗೆ ಏನು ಇಳಿಯುತ್ತದೆ, ಏನು ಇಳಿಯುವುದಿಲ್ಲ ಎಂಬುದೂ ತಿಳಿದಿರಲಿ. ಬೇಗಂ ಬಜಾರಿನ ಗಿಡಮೂಲಿಕೆ ಅಂಗಡಿಗಳಲ್ಲಿ ರತನ್‌ಜೋತ್ ಎಂಬ ಬೇರು ಸಿಗುತ್ತದೆ. ಒಂದು ಚೂರನ್ನು ಬೆಚ್ಚಗಿನ ಎಣ್ಣೆಗೆ ಹಾಕಿ ನೋಡಿ, ಮಾಣಿಕ್ಯದ ಕೆಂಪು ಬಿಡುತ್ತದೆ. ಅದನ್ನೇ ನೀರಿಗೆ ಹಾಕಿದರೆ ಆ ಬಣ್ಣ ಬರುವುದಿಲ್ಲ. ನೆಗಡಿಯಾದಾಗ ನಿಮ್ಮ ಮನೆಯಲ್ಲಿ ತೆಗೆಯುವ ಜಿಂದಾ ತಿಲಿಸ್ಮಾತ್ ಗೊತ್ತಲ್ಲ? ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿಯವರು 1920ರಲ್ಲಿ ಇದೇ ಹೈದರಾಬಾದಿನಲ್ಲಿ ಆರಂಭಿಸಿದ್ದು. ನೀಲಗಿರಿ ಎಣ್ಣೆಯ ಆ ಔಷಧಿಯಲ್ಲೂ ರತನ್‌ಜೋತ್ ಇದೆ. ಆದರೆ ನೆಲ್ಲಿಕಾಯಿಯ ಸಿ ವಿಟಮಿನ್ ನೀರಿನಲ್ಲಿ ಕರಗುವಂಥದ್ದು; ನೆಲ್ಲಿಕಾಯಿ ಎಣ್ಣೆ ಹಚ್ಚಿದರೆ ಚರ್ಮಕ್ಕೆ ವಿಟಮಿನ್ ಸಿಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ನಿಂಬೆ ಸಿಪ್ಪೆಯನ್ನಂತೂ ಎಣ್ಣೆಗೆ ಹಾಕಲೇಬೇಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಇನ್ನು ನನ್ನ ತಪ್ಪಿನ ಕಥೆ. ಬರೆಯಲು ಸಂಕೋಚವಾಗುತ್ತದೆ, ಆದರೂ ನಿಮ್ಮ ವಯಸ್ಸಿನವರಿಗೆ ಬೇಕಾದದ್ದು ಇದೇ.

ನನ್ನ ಮಗಳಿಗೆ ಹದಿನೇಳರಲ್ಲಿ ಮುಖದ ತುಂಬ ಮೊಡವೆ. ನನಗೋ ನನ್ನ ಎಣ್ಣೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಬೇವು, ಅರಿಶಿನ, ಗರಿಕೆ ಎಲ್ಲ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ ದಿನಾ ರಾತ್ರಿ ನಾನೇ ಅವಳ ಮುಖಕ್ಕೆ ಹಚ್ಚುತ್ತಿದ್ದೆ. ಮೊಡವೆ ಹೆಚ್ಚಾದವು. "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ" ಎಂದು ಸಮಾಧಾನ ಹೇಳಿದೆ. ನಾಲ್ಕು ತಿಂಗಳಾಯಿತು. ಅವಳು ಕಾಲೇಜಿನ ಗ್ರೂಪ್ ಫೋಟೋಗೆ ನಿಲ್ಲಲಿಲ್ಲ ಎಂದು ಅವಳ ಗೆಳತಿಯಿಂದ ತಿಳಿದ ದಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮುಖಕ್ಕೆ ಏನು ಹಚ್ಚುತ್ತೀರಿ?" ಮಗಳು ನನ್ನ ಮುಖ ನೋಡಿ ಸುಮ್ಮನಾದಳು. ನಾನೇ ಹೇಳಿದೆ. ಕೊಬ್ಬರಿ ಎಣ್ಣೆ ಮೊಡವೆಯ ಮುಖದಲ್ಲಿ ರೋಮರಂಧ್ರಗಳನ್ನು ಮುಚ್ಚುತ್ತದೆ, ಬೇವು ಹಾಕಿದರೂ ಎಣ್ಣೆ ಎಣ್ಣೆಯೇ ಎಂದರು. ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಹೆಚ್ಚಾಗ್ತಿದೆ ಅಂತ ನಿನಗೆ ಗೊತ್ತಿತ್ತಾ?" "ಗೊತ್ತಿತ್ತಮ್ಮಾ. ನೀನು ಅಷ್ಟು ಹೊತ್ತು ನಿಂತು ಮಾಡ್ತೀಯಲ್ಲ, ಬೇಜಾರಾಗ್ತೀಯ ಅಂತ ಹೇಳಲಿಲ್ಲ" ಎಂದಳು. ಮೊಡವೆ ವಾಸಿಯಾಯಿತು. ಎಡ ಕೆನ್ನೆಯ ಮೇಲೆ ಎರಡು ಗುಳಿ ಹಾಗೆಯೇ ಇವೆ.

ಆದ್ದರಿಂದ ಮೊಡವೆಯಿದ್ದರೆ ಮುಖಕ್ಕೆ ಎಣ್ಣೆ ಬೇಡ, ಅಮ್ಮ ಮಾಡಿದ್ದಾದರೂ ಬೇಡ ಎಂದು ಬಾಯಿಬಿಟ್ಟು ಹೇಳಿ. ತಲೆಹೊಟ್ಟು ಜಾಸ್ತಿಯಿದ್ದರೂ ಅಷ್ಟೇ, ಅದಕ್ಕೆ ಕಾರಣವಾಗುವ ಸೂಕ್ಷ್ಮಜೀವಿ ಜಿಡ್ಡನ್ನೇ ತಿಂದು ಬದುಕುವಂಥದ್ದು. ಗಾಯ, ಕೀವು, ಇಸುಬು ಇದ್ದಲ್ಲಿ ಡಾಕ್ಟರೇ ಸರಿ. ಬೇರೆಯವರಿಗೂ ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ಹನಿ ಹಚ್ಚಿ, ಎರಡು ದಿನ ಬಿಟ್ಟು ನೋಡಿ.

ಹಾಗಾದರೆ ಎಣ್ಣೆ ಯಾತಕ್ಕೆ? ಒಡೆದ ಹಿಮ್ಮಡಿಗೆ, ಪಾತ್ರೆ ತಿಕ್ಕಿ ಬಿರುಸಾದ ಕೈಗೆ, ಚಳಿಗಾಲದಲ್ಲಿ ಬಿಳಿಚಿಕೊಳ್ಳುವ ಮೊಣಕಾಲಿಗೆ. ಸ್ನಾನವಾದ ಕೂಡಲೇ ಮೈ ಇನ್ನೂ ಪಸೆಯಾಗಿರುವಾಗ ತೆಳ್ಳಗೆ ಹಚ್ಚಿದರೆ ಆ ಪಸೆಯನ್ನು ಎಣ್ಣೆ ಹಿಡಿದಿಡುತ್ತದೆ. ಹಬ್ಬದ ಅಭ್ಯಂಗಕ್ಕೆ ನನಗೆ ಎಳ್ಳೆಣ್ಣೆಯೇ ಇಷ್ಟ. ತೈಲ ಎಂಬ ಶಬ್ದ ಹುಟ್ಟಿದ್ದೇ ತಿಲದಿಂದ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಸ್ನಾನಭೋಗ ಎಂದು ಬೇರೆಯೇ ಒಂದು ಭಾಗವಿದೆ. ರಾಜನ ಅಭ್ಯಂಗದ ಸುವಾಸನೆಯ ಎಣ್ಣೆಯ ಮಾತು ಅಲ್ಲಿ ಬರುತ್ತದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, ನೀವು ಮುಂಬೈ ಹೆದ್ದಾರಿಯಲ್ಲಿ ಹೋಗುವಾಗ ಬಲಗಡೆಯ ಫಲಕ ನೋಡಿಯೇ ಇರುತ್ತೀರಿ.

ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ದೀಪಾವಳಿಗೆ ರಜೆ ಸಿಗಲಿಲ್ಲ. ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನು ಮಾಡಿ, "ಅಮ್ಮಾ, ಗರಿಕೆ ಎಣ್ಣೆ ಕಾಯಿಸ್ತಿದ್ದೀನಿ, ಹಿಮ್ಮಡಿಗೆ. ಇಳಿಸಲಾ?" ಎಂದಳು. ಫೋನನ್ನು ಪಾತ್ರೆಯ ಹತ್ತಿರ ಹಿಡಿ ಎಂದೆ. ಸಣ್ಣಗೆ ಚಟಪಟ ಕೇಳಿಸಿತು.

"ಇನ್ನೈದು ನಿಮಿಷ ಬಿಡು" ಎಂದೆ.