ನೈಟ್ ಶಿಫ್ಟ್‌ಗೆ ಜನ ಯಾಕೆ ತಪ್ಪಿಸ್ತಾರೆ?

ಯುಗಾದಿ ರಜೆಗೆ ಊರಿಗೆ ಹೋಗಿದ್ದೆ. ನಮ್ಮದು ರಿಪ್ಪನ್‌ಪೇಟೆ ಹತ್ತಿರದ ಹಳ್ಳಿ. ಚಿಕ್ಕಪ್ಪ ಒಂದು ಕಾಗದ ತಂದು ಮುಂದೆ ಇಟ್ಟು, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದ್ರಲ್ಲಿ ಏನು ಬರ್ದಿದ್ದಾರೆ ಹೇಳು ಮಾರಾಯ" ಅಂದ್ರು. ಅವರು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡ್ತಾರೆ. ಕಾಗದ ಇಂಗ್ಲಿಷಿನಲ್ಲಿತ್ತು. ನೈಟ್ ಶಿಫ್ಟ್‌ಗೆ ಪದೇ ಪದೇ ಹೇಳದೆ ಗೈರುಹಾಜರಾಗಿದ್ದಕ್ಕೆ ವಿವರಣೆ ಕೊಡಿ ಅಂತ ಮೆಮೊ. ವರ್ಷದಲ್ಲಿ ಅದು ಎರಡನೆಯದು. ಇನ್ನೊಂದು ಬಂದ್ರೆ ಕೆಲಸಕ್ಕೇ ಕುತ್ತು.

ನಾನು ಹಿಂದೆಮುಂದೆ ಯೋಚನೆ ಮಾಡದೆ "ಜ್ವರ ಇತ್ತು" ಅಂತ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಆಮೇಲೆ ಕೇಳಿದೆ, ನಿಜವಾಗಿ ಯಾಕೆ ಹೋಗಲಿಲ್ಲ ಅಂತ. ಅವರು ಹೇಳಿದ್ದು ಕೇಳಿದ ಮೇಲೆ ಈ ವಿಷಯದ ಬಗ್ಗೆ ಸ್ವಲ್ಪ ಓದಿದೆ. ಅದನ್ನೇ ಇಲ್ಲಿ ಬರೀತಿದ್ದೇನೆ.

ಒಬ್ಬ ಬರದಿದ್ರೆ ಏನಾಗ್ತದೆ?

ಮೊದಲು ಕಾರ್ಖಾನೆಯ ಕಡೆಯಿಂದ ನೋಡೋಣ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸೋ ಫರ್ನೇಸ್ ಇರ್ತದೆ. ಅದನ್ನ ಆರಿಸಿ ಮತ್ತೆ ಕಾಯಿಸೋಕೆ ಹೊತ್ತು ಬೇಕು, ಕರೆಂಟ್ ಖರ್ಚೂ ಜಾಸ್ತಿ. ಅದಕ್ಕೇ ರಾತ್ರಿಯೂ ಓಡಿಸ್ತಾರೆ. ಕರಗಿದ ಲೋಹ ಅಚ್ಚಿಗೆ ಹೊಯ್ಯೋ ಕಡೆ ಒಬ್ಬ ಬರಲಿಲ್ಲ ಅಂದ್ರೆ ಇಡೀ ತಂಡ ನಿಲ್ತದೆ.

ಗೈರುಹಾಜರಿಯ ಲೆಕ್ಕ ಸುಲಭ. ಕಳೆದುಹೋದ ಪಾಳಿಗಳನ್ನ ಒಟ್ಟು ಪಾಳಿಗಳಿಂದ ಭಾಗಿಸಿ ನೂರರಿಂದ ಗುಣಿಸೋದು. ಉದಾಹರಣೆಗೆ 20 ಜನ, 6 ರಾತ್ರಿ ಅಂದ್ರೆ 120 ಪಾಳಿ. ಅದರಲ್ಲಿ 9 ತಪ್ಪಿದ್ರೆ ಶೇ. 7.5. ನೋಡೋಕೆ ಸಣ್ಣದು. ಆದ್ರೆ ಒಬ್ಬ ಬರದಿದ್ದಾಗ ಸೆಕೆಂಡ್ ಶಿಫ್ಟ್‌ನವನನ್ನೇ "ಇನ್ನೊಂದು ಪಾಳಿ ಇರು" ಅಂತ ಉಳಿಸ್ಕೊಳ್ತಾರೆ. ಮಧ್ಯಾಹ್ನ 2ಕ್ಕೆ ಬಂದವನು ಬೆಳಿಗ್ಗೆ 6ಕ್ಕೆ ಹೊರಗೆ ಬರ್ತಾನೆ, ಅಂದ್ರೆ 16 ಗಂಟೆ. ಮಾರನೇ ದಿನ ಅವನು ಬರಲ್ಲ. ಅವನ ಜಾಗಕ್ಕೆ ಮತ್ತೊಬ್ಬ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತು: ಪಾಸಿಟಿವ್ ಫೀಡ್‌ಬ್ಯಾಕ್. ತಾನಾಗೇ ಬೆಳೆಯೋ ತಪ್ಪು.

ಕ್ಯಾಲೆಂಡರ್ ಹೇಳಿದ್ದು

ಚಿಕ್ಕಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಚಿಕ್ಕಪ್ಪನ ಶಿಫ್ಟ್ ಗುರುತು ಹಾಕ್ತಾರೆ. ತಪ್ಪಿದ ದಿನಗಳನ್ನ ನಾವು ಕೂತು ನೋಡಿದ್ವಿ. ಎಲ್ಲಾ ತಿಂಗಳಲ್ಲಿ ಸಮವಾಗಿ ಇರಲಿಲ್ಲ. ಹೆಚ್ಚಿನವು ನೈಟ್ ವಾರದ ಮೊದಲ ಎರಡು ಮೂರು ದಿನ, ಇಲ್ಲಾ ಅಡಿಕೆ ಕೊಯ್ಲಿನ ಸಮಯ, ಇಲ್ಲಾ ಗದ್ದೆ ನಟ್ಟಿ ಸಮಯ. ಸೋಮಾರಿತನ ಆಗಿದ್ರೆ ಅದಕ್ಕೆ ಇಷ್ಟು ಸರಿಯಾದ ಟೈಮ್ ಟೇಬಲ್ ಇರ್ತಿರಲಿಲ್ಲ.

ಇನ್ನೊಂದು ವಿಚಾರ. ಇದೇ ಚಿಕ್ಕಪ್ಪ ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಒಂದು ಗಂಟೆವರೆಗೂ ಮೆಟ್ಟುಗತ್ತಿ ಮುಂದೆ ಕೂರ್ತಾರೆ. ಈಗ ಮಷೀನ್ ಬಂದಿದೆ, ಆದ್ರೂ ಕೆಲವು ಮನೆಗಳಲ್ಲಿ ಕೈಯಲ್ಲೇ ಸುಲಿಯೋದು ಇನ್ನೂ ಇದೆ. ಅಲ್ಲಿ ಯಾರೂ ಮೆಮೊ ಕೊಡಲ್ಲ, ಆದ್ರೂ ಜನ ಬರ್ತಾರೆ. ಯಾಕೆ? ಸುಲಿದಷ್ಟಕ್ಕೆ ದುಡ್ಡು. ಮಾತಾಡೋಕೆ ಜೊತೆ ಇರ್ತದೆ, ನಡುವೆ ಬಿಸಿ ಬಿಸಿ ಚಾ. ಮನೆ ಹತ್ತಿರ. ಸಾಕಾದ್ರೆ ಎದ್ದು ಹೋಗಬಹುದು, ಮತ್ತೆ ಒಂದು ಗಂಟೆಗೆ ಮಲಗಿದ್ರೆ ಕತ್ತಲಿನ ನಿದ್ದೆ ಸಿಗ್ತದೆ. ಅಂದ್ರೆ ನಮ್ಮ ಜನರಿಗೆ ರಾತ್ರಿ ಕೆಲಸ ಅಂದ್ರೇ ಆಗಲ್ಲ ಅಂತಲ್ಲ. ಆ ಕೆಲಸ ಹೇಗೆ ಜೋಡಿಸಿದ್ದಾರೆ ಅನ್ನೋದು ಮುಖ್ಯ.

ದೇಹದ ಗಡಿಯಾರ

ನಮ್ಮ ದೇಹಕ್ಕೆ ಒಳಗೇ ಒಂದು ಗಡಿಯಾರ ಇದೆ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ನಡೀತದೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಬೆಳಗಿನ ಜಾವ 3ರಿಂದ 5ರ ಹೊತ್ತಿಗೆ ದೇಹದ ಉಷ್ಣತೆ, ಎಚ್ಚರ ಎರಡೂ ತಳ ಮುಟ್ಟಿರ್ತವೆ. ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡ ಶುರುವಾಗಿದ್ದು 1979ರ ಮಾರ್ಚ್ 28ರ ಬೆಳಗಿನ ಜಾವ 4ರ ಸುಮಾರಿಗೆ. ಅಂಥ ಅವಘಡಕ್ಕೆ ಕಾರಣ ಹಲವು ಇರ್ತವೆ, ಆದ್ರೆ ಆ ಹೊತ್ತಲ್ಲಿ ತಪ್ಪು ಕಣ್ಣಿಗೆ ಬೀಳೋದೂ ಕಷ್ಟ.

ಹಗಲು ಮಲಗಿ ಸರಿ ಮಾಡ್ಕೊಳ್ಳೋಣ ಅಂದ್ರೆ ಹಗಲಿನ ನಿದ್ದೆ ರಾತ್ರಿಯಷ್ಟು ಉದ್ದ ಬರೋದಿಲ್ಲ. ಅದರ ಮೇಲೆ ಚಿಕ್ಕಪ್ಪನ ಬಾಡಿಗೆ ರೂಮಿಗೆ ಶೀಟಿನ ಮಾಡು. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಒಳಗೆ ಇರೋಕಾಗಲ್ಲ. ನಲ್ಲಿ ನೀರು ಬರೋದೂ ಅದೇ ಹೊತ್ತಿಗೆ. "ಮೊದಲ ರಾತ್ರಿ ಹೇಗೋ ಕಳೀತದೆ, ಎರಡನೇ ರಾತ್ರಿ ಶರ್ಟ್ ಹಾಕ್ಕೊಂಡು ಕೂತವ್ನು ಹಾಗೇ ಮಲಗಿಬಿಟ್ಟೆ" ಅಂದ್ರು. ನಾನು ಬರೆದ "ಜ್ವರ" ಇದು.

ಏನು ಮಾಡಬಹುದು?

ಮೊದಲನೆಯದು ರೋಸ್ಟರ್. ಇಂಟರ್ನಲ್ಸ್ ಹಿಂದಿನ ದಿನ ಎರಡು ಗಂಟೆವರೆಗೆ ಎದ್ದಿರೋದು ಸುಲಭ, ಆದ್ರೆ ರಾತ್ರಿ ಎಂಟಕ್ಕೇ ಮಲಗು ಅಂದ್ರೆ ನಿದ್ದೆ ಬರಲ್ಲ ಅಲ್ವಾ? ಯಾಕಂದ್ರೆ ಹೆಚ್ಚಿನವರ ಒಳಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ. ಮುಂದಕ್ಕೆ ತಳ್ಳೋದು ಸುಲಭ, ಹಿಂದಕ್ಕೆ ಎಳೆಯೋದು ಕಷ್ಟ. ಅದಕ್ಕೆ ಶಿಫ್ಟ್ ಬದಲಾಗೋದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನೋ ಕ್ರಮದಲ್ಲಿ ಇರಬೇಕು. ಚಿಕ್ಕಪ್ಪನಿಗೆ ಪ್ರತಿ ವಾರ ಉಲ್ಟಾ: ನೈಟ್ ಮುಗಿದ ಮೇಲೆ ಸೆಕೆಂಡ್, ಆಮೇಲೆ ಫಸ್ಟ್. ಅಮೆರಿಕದ ಯೂಟಾ ರಾಜ್ಯದ ಒಂದು ಖನಿಜ ಕಾರ್ಖಾನೆಯಲ್ಲೂ ಹೀಗೇ ಇತ್ತು. ಚಾರ್ಲ್ಸ್ ಸೈಸ್ಲರ್ ಮತ್ತು ಜೊತೆಯವರು ಆ ದಿಕ್ಕನ್ನ ತಿರುಗಿಸಿ, ವಾರಕ್ಕೊಮ್ಮೆ ಬದಲು ಮೂರು ವಾರಕ್ಕೊಮ್ಮೆ ಶಿಫ್ಟ್ ಬದಲಿಸೋ ಹಾಗೆ ಮಾಡಿದ್ರು. ಕೆಲಸಗಾರರಿಗೆ ಸಮಾಧಾನ ಆಯ್ತು, ಕೆಲಸ ಬಿಟ್ಟು ಹೋಗೋದು ಕಮ್ಮಿ ಆಯ್ತು, ಉತ್ಪಾದನೆಯೂ ಏರಿತು. 1982ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ಇದಕ್ಕೆ ಹೊಸ ಮಷೀನ್ ಬೇಕಾಗಿಲ್ಲ, ಕಾಗದದ ಮೇಲಿನ ಬದಲಾವಣೆ ಅಷ್ಟೆ.

ಎರಡನೆಯದು ದೂರ. ಇದಕ್ಕೆ ನಮ್ಮ ಕಡೆಯದ್ದೇ ಉದಾಹರಣೆ ಇದೆ. ಜೋಗದ ಹತ್ತಿರ ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರಗಳಿವೆ, ಒಟ್ಟು 1035 ಮೆಗಾವ್ಯಾಟ್. ಅಲ್ಲಿ ರಾತ್ರಿ ಕಂಟ್ರೋಲ್ ರೂಮ್ ಖಾಲಿ ಬಿಡೋ ಹಾಗೇ ಇಲ್ಲ. ಅಂಥ ಕಾಡಿನ ನಡುವೆ ಮಳೆಗಾಲದ ರಾತ್ರಿ ಕೆಲಸಕ್ಕೆ ಜನ ಬರೋದು ಹೇಗೆ? ಕೆಲಸದವರಿಗೆ ಹತ್ತಿರದಲ್ಲೇ ಮನೆ ಕಟ್ಟಿಕೊಟ್ರು. ಜೋಗ, ಕಾರ್ಗಲ್‌ನ ಕಾಲೊನಿಗಳು ಹುಟ್ಟಿದ್ದು ಹಾಗೆ. ಎಲ್ಲಾ ಕಾರ್ಖಾನೆಗೂ ಕಾಲೊನಿ ಕಟ್ಟೋಕಾಗಲ್ಲ, ನಿಜ. ಆದ್ರೆ ರಾತ್ರಿ ಹತ್ತಕ್ಕೆ ಒಂದು ಬಸ್, ಬೆಳಿಗ್ಗೆ ಆರಕ್ಕೆ ಒಂದು ಬಸ್, ಹಗಲು ಮಲಗೋಕೆ ಕತ್ತಲೆ ಇರೋ, ಫ್ಯಾನ್ ಇರೋ ಒಂದು ಹಾಲ್ ಕೊಡಬಹುದು. 2019ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಾಗ ವಾಹನ ವ್ಯವಸ್ಥೆಯ ಷರತ್ತನ್ನೂ ಹಾಕಿತ್ತು. ಆ ವಾಹನದಲ್ಲಿ ಗಂಡಸರಿಗೂ ಸೀಟ್ ಸಿಕ್ಕಿದ್ರೆ ಎಷ್ಟೋ ಗೈರುಹಾಜರಿ ಅಲ್ಲೇ ಕಮ್ಮಿ ಆಗ್ತದೆ.

ಮೂರನೆಯದು ಬೋನಸ್. ಚಿಕ್ಕಪ್ಪನ ಕಡೆ ತಿಂಗಳು ಪೂರ್ತಿ ಬಂದ್ರೆ ಹಾಜರಿ ಬೋನಸ್, ಒಂದು ದಿನ ತಪ್ಪಿದ್ರೆ ಸೊನ್ನೆ. "ಒಂದಿನ ತಪ್ಪಿದ ಮೇಲೆ ದುಡ್ಡು ಹೋಯ್ತಲ್ಲ, ಇನ್ನೊಂದಿನ ಹೋದ್ರೆಷ್ಟು ಬಿಟ್ರೆಷ್ಟು?" ಅಂತಾರೆ ಅವರು. ನಮ್ಮ ಭಾಷೆಯಲ್ಲಿ ಇದು ಸ್ಟೆಪ್ ಫಂಕ್ಷನ್. ಅದರ ಬದಲು ಬಂದ ಪ್ರತಿ ರಾತ್ರಿಗೂ ಇಷ್ಟು ಅಂತ ಸೇರಿಸುತ್ತಾ ಹೋದ್ರೆ, ಒಂದು ದಿನ ತಪ್ಪಿದವನಿಗೂ ಮಾರನೇ ದಿನ ಬರೋಕೆ ಕಾರಣ ಉಳೀತದೆ.

ನಾಲ್ಕನೆಯದು ರಜೆ. ಅಡಿಕೆ ಕೊಯ್ಲು, ನಟ್ಟಿ ಎರಡೂ ಯಾವ ತಿಂಗಳಲ್ಲಿ ಬರ್ತವೆ ಅಂತ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಆ ತಿಂಗಳ ರಜೆ ಮೊದಲೇ ಬರೆಸಿಕೊಂಡು, ಕೆಲಸಗಾರರು ತಮ್ಮೊಳಗೆ ಪಾಳಿ ಬದಲಾಯಿಸಿಕೊಳ್ಳೋಕೆ ಬಿಟ್ರೆ, ಹೇಳದೆ ತಪ್ಪಿಸೋದು ಹೇಳಿ ತಗೊಂಡ ರಜೆ ಆಗ್ತದೆ. ಸೂಪರ್‌ವೈಸರ್‌ಗೆ ಬೇಕಾಗಿರೋದೂ ಅದೇ.

1948ರ ಕಾರ್ಖಾನೆಗಳ ಕಾಯ್ದೆ ಬರೆದವರಿಗೂ ರಾತ್ರಿ ಪಾಳಿ ಬೇರೆ ಥರ ಅಂತ ಗೊತ್ತಿತ್ತು. ಅದರ 57ನೇ ಸೆಕ್ಷನ್ ಪ್ರಕಾರ, ಮಧ್ಯರಾತ್ರಿ ದಾಟೋ ಪಾಳಿಯವರ ರಜಾದಿನ ಅಂದ್ರೆ ಪಾಳಿ ಮುಗಿದಲ್ಲಿಂದ ಸತತ 24 ಗಂಟೆ ಆಗಿತ್ತು. ಬೆಳಿಗ್ಗೆ 6ಕ್ಕೆ ಹೊರಬಂದವನಿಗೆ ಅದರಲ್ಲಿ ಅರ್ಧ ದಿನ ನಿದ್ದೆಗೇ ಹೋಗ್ತದೆ ಅನ್ನೋದನ್ನ ರೋಸ್ಟರ್ ಹಾಕೋವ್ರು ನೆನಪಿಟ್ಕೋಬೇಕು.

ಇಷ್ಟೆಲ್ಲ ಮಾಡಿದ್ರೂ ತಪ್ಪಿಸೋರು ಕೆಲವರು ಇರ್ತಾರೆ. ಕುಡಿದು ಬರದವರು, ಬೇರೆ ಕಡೆ ಕೂಲಿಗೆ ಹೋದವರು ಎಲ್ಲ ಇದ್ದಾರೆ ಅಂತ ಚಿಕ್ಕಪ್ಪನೇ ಒಪ್ತಾರೆ. ಆದ್ರೆ ಎಲ್ಲರಿಗೂ ಒಂದೇ ಮೆಮೊ ಕೊಟ್ರೆ ಯಾರು ಯಾಕೆ ಬರಲಿಲ್ಲ ಅನ್ನೋದು ಗೊತ್ತಾಗೋದೇ ಇಲ್ಲ. ಬಿಳಿ ಹಾಳೆಯಲ್ಲಿ ಎಲ್ಲರಿಗೂ ಜ್ವರ ಬಂದಿರ್ತದೆ.

ಚಿಕ್ಕಪ್ಪನ ಉತ್ತರವನ್ನ ಆಮೇಲೆ ಬದಲಾಯಿಸಿ ಬರೆದೆ. ಈ ಸಲ ಕನ್ನಡದಲ್ಲಿ, ಅವರು ಹೇಳಿದ ಹಾಗೇ: ನಿದ್ದೆ, ರೂಮು, ನಟ್ಟಿ. ಕೊನೆಗೆ ಶಿಫ್ಟ್ ಕ್ರಮ ಬದಲಾಯಿಸಿ ಅಂತ ಒಂದು ವಿನಂತಿ. ಕೊಡೋಕೆ ಅವರಿಗೆ ಇನ್ನೂ ಧೈರ್ಯ ಬಂದಿಲ್ಲ, ಕಾಗದ ಅವರ ಬ್ಯಾಗಿನಲ್ಲೇ ಇದೆ. ಇನ್ನು ಮೂರು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಇಂಥದ್ದೇ ಶಾಪ್ ಫ್ಲೋರಿನಲ್ಲಿ ಶಿಫ್ಟ್ ಇಂಜಿನಿಯರ್ ಆಗಿರ್ತೇವೆ. ಆಗ ಇಂಥ ಕಾಗದ ಯಾರಾದ್ರೂ ತಂದುಕೊಟ್ರೆ ಓದಿ. ಅದಕ್ಕಿಂತ ಮೊದಲು, ಬರದವನು ಮಾರನೇ ದಿನ ಬಂದಾಗ ಒಂದು ಮಾತು ಕೇಳಿ: "ನಿನ್ನೆ ನಿದ್ದೆ ಆಯ್ತಾ?"