ಬ್ಯಾಕಪ್ ಇದೆ ಸರಿ, ಹೊಸ ಡಿಸ್ಕ್‌ಗೆ ಇಳಿಯುತ್ತದೆಯೇ?

ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಭತ್ತ ಮಿಲ್ಲಿಗೆ ಬರುವ ಸುಗ್ಗಿಯಲ್ಲಿ ಸಿಂಧನೂರಿನ ರೈಸ್‌ಮಿಲ್ ಆಫೀಸಿನ ಕಂಪ್ಯೂಟರ್ ನಿಂತರೆ ಅಂಗಳದಲ್ಲಿ ಲಾರಿಗಳೂ ನಿಲ್ಲುತ್ತವೆ. ವೇಬ್ರಿಜ್ ತೂಕ, ಟ್ಯಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು ಎಲ್ಲವೂ ಅದರಲ್ಲೇ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವಾಗ ‘ಬ್ಯಾಕಪ್ ಐತಲ್ಲ’ ಎಂಬ ಧೈರ್ಯವೊಂದೇ ಸಾಲದು.

ತಪ್ಪು ಕಲ್ಪನೆ 1: ಫೈಲ್‌ಗಳನ್ನು ಕಾಪಿ ಮಾಡಿಟ್ಟರೆ ಇಡೀ ಕಂಪ್ಯೂಟರ್ ಬ್ಯಾಕಪ್ ಆದಂತೆ.
ವಾಸ್ತವ: ಪೆನ್‌ಡ್ರೈವ್‌ಗೆ ಹಾಕಿದ ಟ್ಯಾಲಿ ಡೇಟಾ ಲೆಕ್ಕವನ್ನಷ್ಟೇ ಉಳಿಸುತ್ತದೆ. ವಿಂಡೋಸ್, ಪ್ರಿಂಟರ್ ಡ್ರೈವರ್, ಕನ್ನಡ ಟೈಪಿಂಗ್‌ನ ‘ನುಡಿ’ ಎಲ್ಲವನ್ನೂ ಮತ್ತೆ ಹಾಕಬೇಕು. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಪತ್ರ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ. ಇದ್ದದ್ದು ಇದ್ದಂತೆಯೇ ಬೇಕೆಂದರೆ ಸಿಸ್ಟಂ ಇಮೇಜ್, ಅಂದರೆ ವಿಂಡೋಸ್ ಸಮೇತ ಎಲ್ಲದರ ಪ್ರತಿ, ತೆಗೆದಿಡಬೇಕು.

ತಪ್ಪು ಕಲ್ಪನೆ 2: 1 ಟಿಬಿ ಡಿಸ್ಕ್‌ನಲ್ಲಿ 90 ಜಿಬಿ ಮಾತ್ರ ತುಂಬಿದೆ, 240 ಜಿಬಿ ಎಸ್‌ಎಸ್‌ಡಿ ಧಾರಾಳ ಸಾಕು.
ವಾಸ್ತವ: ವಿಂಡೋಸ್‌ನದೇ ಇಮೇಜ್ ಸಾಧನ ಒಳಗೆಷ್ಟು ತುಂಬಿದೆ ಎಂದು ನೋಡುವುದಿಲ್ಲ. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ಚಿಕ್ಕ ಡಿಸ್ಕ್‌ಗೆ ಇಳಿಸಲು ಪಾರ್ಟಿಷನ್ ಕುಗ್ಗಿಸಿ ಬರೆಯಬಲ್ಲ ಬೇರೆ ಸಾಫ್ಟ್‌ವೇರ್ ಬೇಕಾಗುತ್ತದೆ.

ತಪ್ಪು ಕಲ್ಪನೆ 3: ಡೇಟಾ ಪೂರ್ತಿ ಇಳಿದ ಮೇಲೆ ಕಂಪ್ಯೂಟರ್ ಬೂಟ್ ಆಗಲೇಬೇಕು.
ವಾಸ್ತವ: ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಹಳೆಯ ಬಯೋಸ್ ಯಂತ್ರಗಳ ಡಿಸ್ಕ್ ಎಂಬಿಆರ್ ಮಾದರಿಯದು. ಅದರಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್, ಸಾಮಾನ್ಯವಾಗಿ 2 ಟಿಬಿಯೇ ಮಿತಿ. ಹೊಸ ಯುಇಎಫ್‌ಐ ಬೋರ್ಡ್‌ನಲ್ಲಿ ವಿಂಡೋಸ್ ಏಳಲು ಜಿಪಿಟಿ ಮಾದರಿಯ ಡಿಸ್ಕ್ ಬೇಕು. 2017ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿರುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ ಎಂಬಿಆರ್ ಡಿಸ್ಕ್ ಅನ್ನು ಡೇಟಾ ಅಳಿಸದೆ ಜಿಪಿಟಿಗೆ ಬದಲಿಸುತ್ತದೆ. ಇನ್ನು ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಎಂದು ಬಂದರೆ, ಬಹಳ ಸಲ ಹೊಸ ಡಿಸ್ಕ್ ಕಂಟ್ರೋಲರಿಗೆ ಬೇಕಾದ ಡ್ರೈವರ್ ಹಳೆಯ ವಿಂಡೋಸ್‌ನಲ್ಲಿ ಸಿದ್ಧವಿಲ್ಲ ಎಂದರ್ಥ. ಬಯೋಸ್‌ನಲ್ಲಿ ಎಎಚ್‌ಸಿಐ, ರೇಯ್ಡ್ ಪೈಕಿ ಮೊದಲಿದ್ದ ಆಯ್ಕೆಗೆ ಮರಳಿ ನೋಡಿ. ಆದರೆ ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ, ಅಲ್ಲಿ ಕೈಹಾಕುವ ಮೊದಲು ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ತಪ್ಪು ಕಲ್ಪನೆ 4: ಟ್ಯಾಲಿಯಲ್ಲಿ ಕಂಪನಿಯ ಹೆಸರು ಕಾಣದಿದ್ದರೆ ಲೆಕ್ಕ ಹೋದಂತೆಯೇ.
ವಾಸ್ತವ: ಮೊದಲು ಡ್ರೈವ್ ಅಕ್ಷರ ನೋಡಿ. ಹಳೆಯ ‘ಡಿ’ ಡ್ರೈವ್ ಈಗ ‘ಇ’ ಆಗಿದ್ದರೆ ಟ್ಯಾಲಿ ಹಳೆಯ ದಾರಿಯಲ್ಲೇ ಹುಡುಕುತ್ತಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರ ಬದಲಿಸಿದರೆ ಸಾಕು. ಬೇರೆ ಕಂಪ್ಯೂಟರಿಗೇ ಹೋಗುವುದಿದ್ದರೆ ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ ಹೊರಡಿ.

ತಪ್ಪು ಕಲ್ಪನೆ 5: ರೇಯ್ಡ್ ಇದ್ದ ಮೇಲೆ ಬ್ಯಾಕಪ್ ಯಾಕೆ?
ವಾಸ್ತವ: ರೇಯ್ಡ್ 1ರಲ್ಲಿ ಎರಡೂ ಡಿಸ್ಕ್‌ಗಳಿಗೆ ಒಟ್ಟಿಗೇ ಬರೆಯಲಾಗುತ್ತದೆ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕಾಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಅಳಿಯುತ್ತದೆ, ರ‍್ಯಾನ್ಸಮ್‌ವೇರ್ ಎರಡನ್ನೂ ಕೆಡಿಸುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲೇ ಇರಲಿ, ಡಿಸ್ಕ್ ಬದಲಿಸುವ ಕೆಲಸವನ್ನು ಸುಗ್ಗಿಗೆ ಮೊದಲೇ ಮುಗಿಸಿ. ಹೊಸ ಡಿಸ್ಕ್‌ನಿಂದ ಹಳೆಯ ಬಿಲ್ಲೊಂದನ್ನು ತೆರೆದು, ಪ್ರಿಂಟ್ ತೆಗೆದು ನೋಡುವವರೆಗೆ ಹಳೆಯ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ.